ಇಲಿಗಳು ಕುಡಿದ ನೀರು

ಕಷಾಯದ ಯೋಚನೆಯನ್ನು ಗಂಡನ ಅಕ್ಕನ ತಲೆಗೆ ಹಾಕಿದ್ದು ತಾನೇ ಎಂಬುದನ್ನು ಅವಳು ಮರೆಯುವಂತಿರಲಿಲ್ಲ.

ಅವಳ ಕೆಲಸ ಔಷಧ ಸಂಶೋಧನೆಯ ಲ್ಯಾಬಿನಲ್ಲಿ. ಕ್ಯಾನ್ಸರಿಗೆ ಕೊಡುವ ಒಂದು ಬಲವಾದ ಔಷಧ ಗಡ್ಡೆಯನ್ನೇನೋ ಕರಗಿಸುತ್ತದೆ, ಹೋಗುವಾಗ ಕಿಡ್ನಿಯನ್ನೂ ಹಾಳು ಮಾಡಿ ಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೊಂದು ಕಹಿ ಎಲೆಯ ಸಾರ ಕೊಟ್ಟರೆ ಹೇಗೆ ಎಂದು ಇಲಿಗಳ ಮೇಲೆ ನೋಡುತ್ತಿದ್ದರು. ಎಲೆ ಒಣಗಿಸಿ ಪುಡಿ ಮಾಡುವುದು, ಸ್ಪಿರಿಟಿನಲ್ಲಿ ನೆನೆಸಿ ಸಾರ ಇಳಿಸುವುದು, ಇಲಿಗಳ ತೂಕ ನೋಡಿ ಕುಡಿಸುವುದು ಅವಳ ಪಾಲು. ಬೆಳಿಗ್ಗೆ ಹೋದ ಕೂಡಲೇ ಪ್ರತಿ ಗೂಡಿನ ನೀರಿನ ಬಾಟಲಿ ಎಷ್ಟು ಇಳಿದಿದೆ ಎಂದು ಗೆರೆ ನೋಡಬೇಕು. ನೀರು ಬಿಟ್ಟ ಇಲಿ ಎಂದರೆ ಕಾಯಿಲೆ ಬಿದ್ದ ಇಲಿ.

ಎಲೆಯ ಸಾರ ಕುಡಿದ ಇಲಿಗಳ ಕಿಡ್ನಿ ಉಳಿದದ್ದು ಗೊತ್ತಾದ ದಿನ ಅವಳು ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿ ತುಂಬ ಹೇಳಿಕೊಂಡಿದ್ದಳು. ಗಂಡನ ಅಕ್ಕನೂ ಇದ್ದರು. ಕೇಳಿಸಿಕೊಂಡರು, ಅಷ್ಟೆ. ಗಂಡನಿಗೆ ಕಾಯಿಲೆಯ ಸುಳಿವೂ ಇಲ್ಲದ ಕಾಲ ಅದು. ಮುಂದೆ ಅವನಿಗೇ ಕ್ಯಾನ್ಸರ್ ಎಂದಾಗಿ, ಅದೇ ಔಷಧದ ಡ್ರಿಪ್ ಶುರುವಾದಾಗ, ಅಕ್ಕ ಅದೇ ಎಲೆಯ ಕಷಾಯ ತುಂಬಿದ ದೊಡ್ಡ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇದೇನಕ್ಕಾ, ಲೋಟ ತೊಳೆದ ನೀರಿನ ಹಾಗಿದೆ?"

"ಬಣ್ಣ ನೋಡಿ ಕುಡಿಯೋಕೆ ಇದೇನು ಮದುವೆಮನೆ ಶರಬತ್ತಾ? ಫ್ಲಾಸ್ಕ್ ಬರಿದಾಗೋವರೆಗೆ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಅವನು ಸಿಟಿ ಬಸ್ಸಿನ ಡ್ರೈವರ್. ನೀರಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಡ್ಯೂಟಿಯಲ್ಲಿ ನೀರು ಕುಡಿದರೆ ಬಸ್ ನಿಲ್ಲಿಸಿ ಎಲ್ಲಿಗೆ ಓಡುವುದು? ಚಿಕ್ಕ ವಯಸ್ಸಿನಿಂದಲೂ ಬಾಯಿ ಒಣಗಿಸಿಕೊಂಡೇ ಸ್ಟೇರಿಂಗ್ ಹಿಡಿದವನು. ಆದರೂ ಅಕ್ಕನ ಮುಂದೆ ಗೊಣಗುತ್ತ ಗೊಣಗುತ್ತ ಲೋಟದ ಮೇಲೆ ಲೋಟ ಇಳಿಸುತ್ತಿದ್ದ. ಸಂಜೆಗೆ ಇನ್ನೊಂದು ಫ್ಲಾಸ್ಕ್.

ಅವಳಿಗೆ ಜೀವ ತಡೆಯಲಿಲ್ಲ. ಲ್ಯಾಬಿನ ಸಾರವೇ ಬೇರೆ, ಒಲೆಯ ಮೇಲೆ ಕುದಿಸಿದ ಎಲೆಯೇ ಬೇರೆ. ಆ ಔಷಧದ ಜೊತೆ ಇದು ಸೇರಿದರೆ ಮನುಷ್ಯರ ಮೈಯಲ್ಲಿ ಏನಾಗುತ್ತದೆಂದು ಯಾರೂ ನೋಡಿದವರಿಲ್ಲ. ಡಾಕ್ಟರನ್ನು ಕೇಳಿದಳು. ಅವರು ಎರಡು ಮಾತು ಹೇಳಿದರು: ಕಷಾಯ ಬೇಡ, ನೀರು ಚೆನ್ನಾಗಿ ಕುಡಿಸಿ.

ಮೊದಲನೆಯ ಮಾತನ್ನು ಅವಳು ಮನೆಗೆ ಜೋರಾಗಿಯೇ ತಂದಳು.

"ಅತ್ತಿಗೆ, ಅದು ಇಲಿಗಳ ಮಾತು. ನಾಳೆಯಿಂದ ತರಬೇಡಿ."

"ನಿನ್ನ ಇಲಿಗಳಿಗಿಂತ ನನ್ನ ತಮ್ಮ ಕಡೆಯಾದ್ನೇನೇ?"

"ಇದರಿಂದಲೇ ಅವರ ಕಿಡ್ನಿ ಹೋದ್ರೆ ಹೊಣೆ ಯಾರು? ನೀವಾ?"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಚಪ್ಪಲಿ ಮೆಟ್ಟಿದರು, ಹೋದರು. ಮತ್ತೆ ಬರಲಿಲ್ಲ.

ಎರಡನೆಯ ಮಾತನ್ನು ಅವಳು ಬಾಟಲಿಗಳಲ್ಲಿ ತುಂಬಿ ದಿನವೂ ಮಂಚದ ಪಕ್ಕ ಇಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದರೆ ಬಾಟಲಿಗಳು ಖಾಲಿ. "ಭೇಷ್" ಎಂದು ಗಂಡನ ಬೋಳು ತಲೆ ಸವರಿ ಅಡುಗೆಮನೆಗೆ ನಡೆಯುತ್ತಿದ್ದಳು.

ಮುಂದಿನ ಡ್ರಿಪ್‌ಗೆ ಹೋದಾಗ ರಕ್ತದ ರಿಪೋರ್ಟ್ ನೋಡಿ ಡಾಕ್ಟರು ಕನ್ನಡಕ ತೆಗೆದರು. ಕಿಡ್ನಿ ಸೋತಿದೆ, ಈ ಔಷಧ ಇನ್ನು ಕೊಡುವ ಹಾಗಿಲ್ಲ. ಬೇರೆಯದು ಕೊಡೋಣ, ಇದರಷ್ಟು ಬಲ ಅದಕ್ಕಿಲ್ಲ.

"ನೀರು ಕುಡೀತಿದ್ರಿ ತಾನೆ?"

ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ.

ಮನೆಗೆ ಬಂದವಳೇ ಮಂಚದ ತಲೆಗಡೆಯ ಕಿಟಕಿಯತ್ತ ಹೋದಳು. ಅಲ್ಲಿದ್ದ ಕುಂಡದ ಬಳ್ಳಿ ಹಳದಿಯಾಗಿ ಜೋತುಬಿದ್ದಿತ್ತು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆತ ವಾಸನೆ. ದಿನವೂ ಆ ಕಿಟಕಿಯ ಪರದೆ ಎಳೆಯುವವಳು ತಾನೇ. ಇಲಿ ಕುಡಿದ ನೀರಿಗೆ ಗೆರೆ ಹಿಡಿದು ನೋಡಿದವಳು ಇಲ್ಲಿ ಒಂದು ಸಲವಾದರೂ ಬಗ್ಗಿ ನೋಡಿರಲಿಲ್ಲ.

"ನೀರು ಬಾಯಿಗಿಟ್ರೆ ಬಸ್ಸಿನ ಕಂಬಿ ನೆಕ್ಕಿದ ಹಾಗಾಗುತ್ತೆ ಕಣೇ," ಎಂದ ಅವನು ಮೆಲ್ಲಗೆ. "ಅಕ್ಕ ಆದ್ರೆ ಬೈದು ಬೈದು ಕುಡಿಸ್ತಿದ್ಲು. ನೀನು ಸಾಕಾಗಿ ಬರ್ತಿದ್ದೆ. ಬಾಟಲಿ ಖಾಲಿ ಕಂಡ್ರೆ ನಿನ್ನ ಮುಖ ಅರಳ್ತಿತ್ತು. ಅದಕ್ಕೇ..."

ಅವಳು ಕುಂಡದ ತಟ್ಟೆಯ ನೀರು ಚೆಲ್ಲಿದಳು. ಸೆರಗಿಗೆ ಕೈ ಒರೆಸಿಕೊಂಡು ಅಕ್ಕನ ಮನೆಗೆ ನಡೆದಳು.

ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ನೀನು ಹೇಳಿದ ಹಾಗೇ ಆಯ್ತಲ್ಲೇ. ಕೈಯಾರೆ ಕುಡಿಸಿ ನನ್ನ ತಮ್ಮನ ಕಿಡ್ನಿ ನಾನೇ ತಿಂದುಬಿಟ್ಟೆ."

"ಅತ್ತಿಗೆ, ಎಲೆ ಎಷ್ಟು ಹಾಕ್ತಿದ್ರಿ?"

"ಎಷ್ಟು ಅಂದ್ರೆ... ಮೂರೋ ನಾಲ್ಕೋ. ಕಹಿಯಾದ್ರೆ ಅವನು ಉಗೀತಾನೆ, ನಂಗೊತ್ತಿಲ್ವಾ? ಮಿಕ್ಕಿದ್ದೆಲ್ಲ ನೀರೇ."

ಅವಳೂ ಅತ್ತಿಗೆಯ ಎದುರು ನೆಲದ ಮೇಲೆ ಕೂತಳು. ಅಷ್ಟು ನೀರು. ಬೆಳಿಗ್ಗೆ ಒಂದು ಫ್ಲಾಸ್ಕ್, ಸಂಜೆ ಒಂದು ಫ್ಲಾಸ್ಕ್, ಕಾಯಲು ಕುರ್ಚಿಯಲ್ಲೊಬ್ಬ ಅಕ್ಕ. ಎಲೆಯನ್ನು ಬೇಡವೆಂದದ್ದು ಸರಿ. ಎಲೆಯ ಜೊತೆ ಕುರ್ಚಿಯನ್ನೂ ಖಾಲಿ ಮಾಡಿಸಿದವಳು ತಾನು.

"ನೀವು ತಿನ್ನಲಿಲ್ಲ ಅತ್ತಿಗೆ. ಅವರು ನೀರು ಕುಡೀತಿದ್ದದ್ದೇ ನಿಮ್ಮ ಕಷಾಯದಲ್ಲಿ. ನಾನು ಅದನ್ನ ನಿಲ್ಲಿಸಿದೆ, ಬದಲಿಗೆ ಬಾಟಲಿ ಇಟ್ಟು ಹೋದೆ. ಅದನ್ನ ಅವರು ಕುಂಡಕ್ಕೆ ಸುರಿದ್ರು."

ಅಕ್ಕ ತಲೆಯೆತ್ತಿದರು. "ಕುಡಿದಿದ್ರೆ ಉಳೀತಿತ್ತಾ?"

"ಖಂಡಿತ ಅಂತ ಡಾಕ್ಟರೂ ಹೇಳಲ್ಲ. ಉಳಿಯೋದಕ್ಕೆ ದಾರಿಯಂತೂ ಇತ್ತು."

"ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಯ್ತು," ಎಂದರು ಅಕ್ಕ. ಬೈಗುಳ ಅಷ್ಟಕ್ಕೇ ಮುಗಿದದ್ದರಿಂದ ಅವಳಿಗೆ ಇನ್ನಷ್ಟು ನೋವಾಯಿತು.

ಈಗ ಎಷ್ಟು ನೀರು, ಯಾವಾಗ ಎಂದು ಡಾಕ್ಟರನ್ನು ಮತ್ತೆ ಕೇಳಿಕೊಂಡು ಬಂದ ಮೇಲೆ, ಒಂದು ಬೆಳಿಗ್ಗೆ ಫ್ಲಾಸ್ಕ್ ಮತ್ತೆ ಬಂತು. ಡ್ರೈವರ್ ಲೋಟವನ್ನು ಬೆಳಕಿಗೆ ಹಿಡಿದ.

"ಎಲೆ ಹಾಕಿಲ್ವಾ?"

"ಇಲ್ಲ ಕಣೋ. ಬರೀ ನೀರು."

"ಬರೀ ನೀರು ನಮ್ಮನೇಲೂ ಇದೆ. ಅದಕ್ಕೆ ನೀನ್ಯಾಕೆ ಬಂದೆ?"

"ಕೂತ್ಕೊಳ್ಳೋಕೆ," ಎಂದು ಅಕ್ಕ ಕುರ್ಚಿ ಎಳೆದುಕೊಂಡರು.

ಅವನ ಗುಟುಕಿನ ಸದ್ದು ಕೇಳುತ್ತ ಅವಳು ಬಾಗಿಲು ಮುಂದೆ ಮಾಡಿ ಹೊರಟಳು. ಲ್ಯಾಬಿನಲ್ಲಿ ಇಲಿಗಳು ಎಂದಿನಂತೆ ಬಾಟಲಿಯ ತುದಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದವು. ಮೊದಲ ಗೂಡಿನ ಮುಂದೆ ಬಗ್ಗಿದಳು. ಎಷ್ಟು ಹೊತ್ತು ನಿಂತರೂ ಬಾಟಲಿಯ ಗೆರೆ ಒದ್ದೆ ಕಣ್ಣಿಗೆ ನಿಲ್ಲಲಿಲ್ಲ.