ಖೊ ಖೊ ತಂಡದಲ್ಲಿ ಒಬ್ಬಳು ಕಡಿಮೆ

ತಾಲ್ಲೂಕು ಪಂದ್ಯಕ್ಕೆ ಹದಿನೈದು ದಿನ ಉಳಿದಿತ್ತು. ಅಂಥ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಮರಿಲಿಂಗಮ್ಮ ಹೊಟ್ಟೆನೋವೆಂದು ನಾಲ್ಕು ದಿನ ಮೈದಾನಕ್ಕೆ ಬರಲಿಲ್ಲ. ಖೊ ಖೊ ಆಟದಲ್ಲಿ ಅವಳು ಬೆನ್ನಟ್ಟಲು ಎದ್ದಳೆಂದರೆ ಎದುರಿನವರು ದಿಕ್ಕು ತಪ್ಪುತ್ತಿದ್ದರು. ಅಂಥವಳು ಮನೆಯಲ್ಲಿ ಕೂತದ್ದು ಅಯ್ಯಮ್ಮನಿಗೆ ಸರಿಕಾಣಲಿಲ್ಲ.

ಅಯ್ಯಮ್ಮ ಆ ಶಾಲೆಯ ಅಟೆಂಡರ್. ಸುರಪುರದ ಆಚೆಗಿನ ಆ ಊರಿಗೆ ಕಾಲುವೆ ನೀರು ಬಂದ ಮೇಲೆ ಭತ್ತದ ನಾಟಿಗೆ ಹೋದ ತಾಯಿತಂದೆಯರು ಮನೆ ಸೇರುವಾಗ ದೀಪ ಹತ್ತಿರುತ್ತಿತ್ತು. ಸಂಜೆ ಮಕ್ಕಳು ಎಲ್ಲಿದ್ದಾರೆಂದು ನೋಡುವವಳು ಅವಳೊಬ್ಬಳೇ.

ಹುಡುಗಿ ಕಾಲುವೆ ಏರಿಯ ಮೇಲೆ ಸಿಕ್ಕಳು.

"ಹೊಟ್ಟಿ ನೋವು ನಾಕ್ ದಿನ ಇರ್ತದೇನವ್ವಾ? ಖರೇ ಹೇಳು."

ಮರಿಲಿಂಗಮ್ಮ ಒಂದು ಹಿಡಿ ಹುಲ್ಲು ಕಿತ್ತು ಕಾಲುವೆಗೆ ಎಸೆದಳು. ಆಮೇಲೆ ಅಂದಳು, "ಪಂಪಣ್ಣ ಮಾಸ್ತರ್ರು ಆಟದ ಸಾಮಾನಿನ ಖೋಲಿಗೆ ನನ್ನ ಒಬ್ಬಾಕಿನ್ನೇ ಕರೀತಾರ. ಕಾಲಿಗೆ ಎಣ್ಣಿ ಹಚ್ತೀನಂತ ಎಲ್ಲೆಲ್ಲೋ ಕೈ ಹಾಕ್ತಾರ. ಬ್ಯಾಡಂದ್ರ ಟೀಮಿನಾಗಿಂದ ಹೆಸರು ತಗೀತೀನಂತಾರ."

ಆ ಖೋಲಿಯ ಕೀಲಿಯನ್ನು ದಿನಾ ಸಂಜೆ ಆಟ ಕಲಿಸುವ ಆ ಮಾಸ್ತರನ ಕೈಗೆ ಕೊಡುತ್ತಿದ್ದವಳು ಅಯ್ಯಮ್ಮನೇ.

"ತಪ್ಪು ನಿಂದಲ್ಲವ್ವಾ. ಹೇಳಿದಿ, ಚಲೋ ಮಾಡಿದಿ."

ಮರುದಿನ ಬೆಳಿಗ್ಗೆಯೇ ಅಯ್ಯಮ್ಮ ಹೆಡ್‌ಮಾಸ್ತರ ತಿಮ್ಮಣ್ಣನವರ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಎದ್ದು ಬಾಗಿಲು ಮುಚ್ಚಿದರು.

"ಎರಡು ಸಲ ಶೀಲ್ಡ್ ತಂದ ಮನಷ್ಯಾ ಅವಾ. ಸುಮ್ನ ಹೆಸರು ಕೆಡಸಬ್ಯಾಡ. ಹಂಗೇನರ ಇದ್ರ ಹುಡುಗ್ಯಾರ ಆಟಾನೇ ಬಂದ್ ಮಾಡಿಬಿಡೋಣು."

"ಬಂದ್ ಮಾಡಬೇಕಾದ್ದು ಆಟ ಅಲ್ರಿ ಸರ್!"

ದೀಪ ಹತ್ತಿದ ಮೇಲೆ ಹುಡುಗಿಯ ಅಪ್ಪ ಅಮಾತೆಪ್ಪನ ಮನೆಗೆ ಹೋದಳು. ಅವನು ಕೇಳಿಸಿಕೊಂಡು ತಲೆ ಹಿಡಿದುಕೊಂಡ. "ನಾಳಿಂದ ಸಾಲಿ ಬಿಡಸ್ತೀನಿ," ಎಂದ.

ಅಯ್ಯಮ್ಮನಿಗೆ ರೇಗಿ ಹೋಯಿತು. "ಅವರು ಆಟ ಬಿಡಸ್ತಾರ, ನೀ ಸಾಲಿ ಬಿಡಸ್ತಿ! ಮನಿಗೆ ಕಳ್ಳ ಬಂದ್ರ ಮಗಳನ್ನ ಕಟ್ಟಿ ಹಾಕ್ತಿಯೇನೋ ಅಮಾತೆಪ್ಪ? ಆ ಮಾಸ್ತರಗ ಯಾರೂ ಏನೂ ಬಿಡಸಾಂಗಿಲ್ಲೇನು?"

ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಮಾತೆಪ್ಪ ಅವಳ ಕಡೆ ನೋಡಿದ. "ಏನ್ ಮಾಡಬೇಕು ಹೇಳಕ್ಕಾ," ಎಂದ.

ಮಕ್ಕಳ ಸಹಾಯವಾಣಿಯ ನಂಬರು ಶಾಲೆಯ ಗೋಡೆಯ ಮೇಲೇ ಬರೆದಿತ್ತು. ಯಾರೋ ಪುಣ್ಯಾತ್ಮರು ಅದರ ಮುಂದೆ ಬೀರು ತಂದು ನಿಲ್ಲಿಸಿದ್ದರು. ಅಯ್ಯಮ್ಮ ಬೀರುವನ್ನು ಒಬ್ಬಳೇ ನೂಕಿ, 1098 ಎಂದು ಓದಿಕೊಂಡು ಫೋನು ಮಾಡಿದಳು.

ಯಾದಗಿರಿಯಿಂದ ಜಹೀರುನ್ನೀಸಾ ಎಂಬ ಮಕ್ಕಳ ರಕ್ಷಣಾ ಅಧಿಕಾರಿ ಬಂದರು. ಶಾಲೆಗೆ ಕರೆಸದೆ ತಾವೇ ಮರಿಲಿಂಗಮ್ಮನ ಮನೆಗೆ ಹೋಗಿ, ಅವಳ ಪಕ್ಕ ಚಾಪೆಯ ಮೇಲೆ ಕೂತು, ಅವಸರ ಮಾಡದೆ ಕೇಳಿಕೊಂಡರು. ಇನ್ನಿಬ್ಬರು ಹುಡುಗಿಯರೂ ಬಾಯಿ ಬಿಟ್ಟರು. ಪೊಲೀಸರು ಕೇಸು ದಾಖಲಿಸಿ ಪಂಪಣ್ಣನನ್ನು ಕರೆದೊಯ್ದರು. ಗೊತ್ತಾದ ಕೂಡಲೇ ತಿಳಿಸದಿದ್ದರೆ ಅದೂ ಅಪರಾಧವೆಂದು ಜಹೀರುನ್ನೀಸಾ ಹೇಳಿದಾಗ ತಿಮ್ಮಣ್ಣನವರು ಬೆವರಿದರು.

ಇಷ್ಟಾದರೂ ಮೂರನೇ ದಿನ ಮೈದಾನದ ಗೇಟಿಗೆ ಬೀಗ ಬಿದ್ದಿತ್ತು.

"ಮತ್ತ ಯಾಕ್ರಿ ಸರ್?"

"ಯಾಕ ಬೇಕವ್ವಾ ಹುಡುಗ್ಯಾರ ಉಸಾಬರಿ!"

ಅಯ್ಯಮ್ಮ ಹಣೆ ಚಚ್ಚಿಕೊಂಡಳು. ಮತ್ತೆ ಫೋನು, ಮತ್ತೆ ಜಹೀರುನ್ನೀಸಾ. ಈ ಸಲ ಅವರು ಬೀಗ ತೆಗೆಸಿ, ತಾಯಂದಿರನ್ನೂ ಕೂರಿಸಿ ಮಾತಾಡಿ, ಮೂರು ನಿಯಮ ಮಾಡಿದರು. ಯಾವ ಮಗುವೂ ಯಾರ ಜೊತೆಗೂ ಮುಚ್ಚಿದ ಖೋಲಿಯಲ್ಲಿ ಒಂಟಿಯಾಗಿ ಇರಬಾರದು. ತಂಡ ಆರಿಸುವುದು ಒಬ್ಬನ ಕೈಯಲ್ಲಿರಬಾರದು. ಬೇರೆ ಊರಿಗೆ ಹೊರಟರೆ ಜೊತೆಗೆ ಹೆಂಗಸೊಬ್ಬಳು ಇರಲೇಬೇಕು.

"ಯಾರು ಹೋಗ್ತಾರ?" ತಿಮ್ಮಣ್ಣನವರು ಗೊಣಗಿದರು.

"ನಾ ಹೋಗ್ತೀನ್ರಿ. ಇನ್ನೇನೈತಿ ನಿಮ್ಮ ತಕರಾರು?"

ಸುರಪುರದ ಪಂದ್ಯದಲ್ಲಿ ಮರಿಲಿಂಗಮ್ಮ ಆಡಲಿಲ್ಲ. ನನ್ನಿಂದಾಗದು ಎಂದಳು, ಯಾರೂ ಒತ್ತಾಯಿಸಲಿಲ್ಲ. ಆದರೆ ನೋಡಲು ಬಂದಳು. ತಂಡ ಎರಡನೇ ಸುತ್ತಿನಲ್ಲೇ ಸೋತಿತು. ವಾಪಸು ಬಸ್ಸಿನಲ್ಲಿ ಅವಳು ಹಿಂದಿನ ಸೀಟಿನ ಹುಡುಗಿಯೊಬ್ಬಳತ್ತ ತಿರುಗಿ, "ಖೊ ಕೊಟ್ಟ ಮ್ಯಾಲೂ ಹಂಗೇ ಕೂತಿದ್ದೆಲ್ಲೇ, ನಿದ್ದಿ ಬಂದಿತ್ತೇನು?" ಎಂದು ಜಗಳ ತೆಗೆದಳು. ಗಲಾಟೆ ಹೆಚ್ಚಾಯಿತು. ಕಂಡಕ್ಟರು ಬೈದ. ಅಯ್ಯಮ್ಮ ಮಾತ್ರ ಸುಮ್ಮನಿರಿ ಅನ್ನಲಿಲ್ಲ.