ದೊಡ್ಡ ಟೀಮಿನ ಎದುರು ಮಾತ್ರ

ನಮ್ಮ ಮನೆಯಲ್ಲಿ ಹಾಲನ್ನೂ ಮೊದಲು ಅನುಮಾನಿಸಿ ಆಮೇಲೆ ಕಾಯಿಸುವುದು. ನಮ್ಮ ಯಜಮಾನರು ಬದರಿನಾಥ್, ಸಿಂಗಪುರದ ಪಾಯಾ ಲೆಬಾರ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ಇವರಿಗೆ ಸಂಬಳ. ಆ ಕೆಲಸವನ್ನು ಆಫೀಸಿನಲ್ಲೇ ಬಿಟ್ಟು ಬರುವ ಅಭ್ಯಾಸ ಮಾತ್ರ ಇಲ್ಲ. ಹಾಲಿನ ಕಾರ್ಟನ್ ಮೇಲಿನ ತಾರೀಖು ಸರಿಯಿದ್ದರೂ ಮೂಸುತ್ತಾರೆ. ಮೂಸಿ ಸರಿಯೆನಿಸಿದರೆ ನನ್ನ ಕೈಗೆ ಕೊಟ್ಟು, ಭಾನು, ನೀನೂ ಒಂದು ಸಲ ನೋಡು ಅನ್ನುತ್ತಾರೆ. ಇಂಥವರ ಜೊತೆ ಇಷ್ಟು ವರ್ಷ ಬಾಳಿದ ಮೇಲೆ ಆ ರೋಗ ನನಗೂ ಸ್ವಲ್ಪ ಅಂಟಿದೆ.

ನಮ್ಮ ಮಗ ಸಂಕೇತ್ ಪಾಲಿಟೆಕ್ನಿಕ್‌ನ ಎರಡನೇ ವರ್ಷದಲ್ಲಿದ್ದ. ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ಡಿಫೆಂಡರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ನಾಲ್ವರಲ್ಲಿ ಒಬ್ಬ. ಈ ಟೀಮಿನದೊಂದು ವಿಚಿತ್ರ. ಸಣ್ಣಪುಟ್ಟ ಟೀಮುಗಳ ಎದುರು ಒಂದು ಗೋಲನ್ನೂ ಬಿಟ್ಟುಕೊಡುತ್ತಿರಲಿಲ್ಲ. ದೊಡ್ಡ ಟೀಮು ಬಂತೋ, ಡಿಫೆನ್ಸ್ ಜರಡಿಯಂತೆ ಸೋರುತ್ತಿತ್ತು. ದೊಡ್ಡವರ ಎದುರು ಸೋಲುವುದರಲ್ಲಿ ಏನಿದೆ ಆಶ್ಚರ್ಯ ಎಂದು ನಾನು ಅಂದುಕೊಂಡಿದ್ದೆ. ಇವರು ಹಾಗೆ ಬಿಡುವವರಲ್ಲ. ಇದೇ ನಾಲ್ಕು ಹುಡುಗರು, ಇದೇ ಗೋಲ್‌ಕೀಪರ್, ಮೊನ್ನೆ ಚೆನ್ನಾಗಿ ಆಡಿದವರು ಇವತ್ತು ನಡೆಯಲೂ ಬರದವರ ಹಾಗೆ ಯಾಕೆ ಆಡಬೇಕು ಎಂದು ಊಟದ ಹೊತ್ತಿಗೆಲ್ಲ ಶುರು ಮಾಡುತ್ತಿದ್ದರು.

ಅದು ೨೦೧೩. ಸಿಂಗಪುರದ ಪೇಪರುಗಳಲ್ಲಿ ಮ್ಯಾಚ್ ಫಿಕ್ಸಿಂಗ್ ಸುದ್ದಿ ಬರುತ್ತಲೇ ಇತ್ತು. ಇವರಿಗೆ ಅಷ್ಟು ಸಾಕಾಯಿತು. ಒಂದು ಸಂಜೆ ಪೇಪರು ಮಡಚಿಟ್ಟು, ಟೀಮಿನಲ್ಲಿ ಯಾರೋ ಬೇಕಂತಲೇ ಗೋಲು ಬಿಡುತ್ತಿದ್ದಾರೆ ಅಂದರು. ಯಾರು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂಬ ಭಯ. ಕೇಳದಿದ್ದರೂ ಹೇಳಿದರು. ಫರ್ಹಾನ್.

ಫರ್ಹಾನ್ ಗೋಲ್‌ಕೀಪರ್. ಟ್ಯಾಂಪಿನೀಸ್‌ನಲ್ಲಿ ನಮ್ಮ ಪಕ್ಕದ ಬ್ಲಾಕಿನವನು, ಪ್ರೈಮರಿ ಸ್ಕೂಲಿನಿಂದ ಸಂಕೇತನ ಜೊತೆಗಾರ. ಇಬ್ಬರೂ ವಾಯ್ಡ್ ಡೆಕ್ಕಿನ, ಅಂದರೆ ಬ್ಲಾಕಿನ ಕೆಳಗಿನ ಖಾಲಿ ಜಾಗದ, ಕಂಬಗಳ ನಡುವೆ ಚೆಂಡು ಒದ್ದು ಬೈಸಿಕೊಂಡೇ ಬೆಳೆದವರು. ನಮ್ಮ ಮನೆಗೆ ಬಂದರೆ ಸೀದಾ ಅಡುಗೆಮನೆಗೆ ಬಂದು, ಆಂಟಿ, ಇವತ್ತು ಲೆಮನ್ ರೈಸಾ ಎಂದು ಕೇಳುವಷ್ಟು ಸಲಿಗೆ. ಅಂಥ ಹುಡುಗನ ಕಾಲಲ್ಲಿ ಹೊಸ ಬೂಟು ಕಂಡದ್ದೇ ಇವರಿಗೆ ಸಾಕ್ಷಿಯಾಗಿಬಿಟ್ಟಿತು. ಅವನು ವಾರಾಂತ್ಯದಲ್ಲಿ ಮಾಲಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನಲ್ಲ ಅಂದೆ. ಹಾಗಂತ ಹೇಳುತ್ತಾನೆ ಅಂದರು.

ಆಮೇಲೆ ಫರ್ಹಾನ್ ಬಂದಾಗಲೆಲ್ಲ ಇವರು ಸೋಫಾದಿಂದ ಅವನನ್ನು ಅಳೆಯುವ ಹಾಗೆ ನೋಡತೊಡಗಿದರು. ಬೂಟು ಎಲ್ಲಿ ತೊಗೊಂಡೆ, ಯಾವಾಗ ತೊಗೊಂಡೆ ಎಂದು ನಗುನಗುತ್ತಲೇ ಕೇಳಿದರು. ಹುಡುಗ ದಡ್ಡನಲ್ಲ. ತಟ್ಟೆಯಲ್ಲಿದ್ದುದನ್ನು ಬೇಗ ತಿಂದು, ತಾನೇ ತೊಳೆದಿಟ್ಟು ಹೋದ. ಮತ್ತೆ ಬರಲಿಲ್ಲ. ನನಗೆ ಇವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಸಾರಿಗೆ ಉಪ್ಪೇ ಹಾಕಲಿಲ್ಲ.

ಇನ್ನು ಮ್ಯಾಚಿನ ವಿಷಯ. ಮ್ಯಾಚುಗಳೆಲ್ಲ ವಾರದ ನಡುವೆ ಮಧ್ಯಾಹ್ನದ ಮೇಲೆ. ಸಣ್ಣ ಟೀಮಿನ ಮ್ಯಾಚಿಗೆ ಇವರು ರಜೆ ಹಾಳು ಮಾಡುತ್ತಿರಲಿಲ್ಲ. ದೊಡ್ಡ ಟೀಮಾದರೆ ಅರ್ಧ ದಿನ ರಜೆ ಹಾಕಿ, ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸಿನಿಂದ ನನ್ನನ್ನೂ ಹೊರಡಿಸುತ್ತಿದ್ದರು. ಮೈದಾನದಲ್ಲಿ ನಮ್ಮ ಗೋಲಿನ ಪಕ್ಕದ ಕಂಬಿಗೆ ಒರಗಿ, ಒಂದು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ವಿಡಿಯೊ ಮಾಡುವುದು, ಬಾಯಲ್ಲಿ ಕೂಗಾಟ. ನಾನು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಸಂಕೇತನ ಮಂಡಿಯನ್ನೇ ನೋಡುತ್ತಿದ್ದೆ. ಹೋದ ವರ್ಷ ಬಿದ್ದು ಹೊಲಿಗೆ ಹಾಕಿಸಿಕೊಂಡ ಮಂಡಿ ಅದು. ಮನೆಗೆ ಬಂದ ಮೇಲೆ ಇವರು ಪ್ರತಿಯೊಂದು ಗೋಲನ್ನೂ ಸ್ಲೋ ಮೋಷನ್‌ನಲ್ಲಿ, ದನಿ ಪೂರ್ತಿ ಇಳಿಸಿ, ಹಿಂದೆ ಮುಂದೆ ಎಳೆದು ನೋಡುತ್ತಿದ್ದರು. ನೋಡು, ಫರ್ಹಾನ್ ತಡವಾಗಿ ಹಾರಿದ. ನೋಡು, ಅವನ ಕಣ್ಣು ಎಲ್ಲಿದೆ. ನಾನು ನೋಡಿದೆ. ನನಗೆ ಕಂಡದ್ದು ಬೆವರಿದ ಒಬ್ಬ ಹುಡುಗ.

ಇಷ್ಟರಲ್ಲಿ ಬೇರೊಂದು ನಡೆಯಿತು. ಒಂದು ಬುಧವಾರ ವಾಷಿಂಗ್ ಮಷಿನ್‌ಗೆ ಬಟ್ಟೆ ಹಾಕುವಾಗ ಸಂಕೇತನ ಜರ್ಸಿ ಸಿಕ್ಕಿತು. ಮೊಣಕೈ ಹತ್ತಿರ ಹಸಿ ಹುಲ್ಲಿನ ಕಲೆ. ಮ್ಯಾಚು ಅವತ್ತಲ್ಲ, ಶುಕ್ರವಾರ ಎಂದು ಅವನೇ ಹೇಳಿದ್ದ, ಇವರು ಶುಕ್ರವಾರಕ್ಕೆ ರಜೆ ಹಾಕಿಯೂ ಆಗಿತ್ತು. ಪ್ರಾಕ್ಟೀಸಾ ಎಂದು ಕೇಳಿದೆ. ಹೂಂ ಅಂದ, ಫೋನಿನಿಂದ ಕಣ್ಣೆತ್ತಲಿಲ್ಲ. ಪ್ರಾಕ್ಟೀಸಿಗೆ ಅವನು ಹಳೆಯ ಟೀ ಶರ್ಟ್ ಹಾಕುತ್ತಾನೆ, ಜರ್ಸಿಯಲ್ಲ. ನನಗೂ ಆ ರೋಗ ಅಂಟಿದೆ ಅಂದೆನಲ್ಲ.

ಇವರಿಗೆ ನಾನು ಹೇಳಲಿಲ್ಲ. ಆದರೆ ಇವರು ಸುಮ್ಮನಿರುವವರೇ? ಶುಕ್ರವಾರದ ಮ್ಯಾಚಿನ ಹೊತ್ತು ನೋಡಲು ಕಾಲೇಜಿನ ವೆಬ್‌ಸೈಟ್ ತೆರೆದವರು ಫಲಿತಾಂಶವನ್ನೇ ಹಿಡಿದರು. ಮ್ಯಾಚು ಬುಧವಾರವೇ ನಡೆದಿತ್ತು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ನರು. ನಮ್ಮ ಹುಡುಗರು ಒಂದೂ ಗೋಲು ಬಿಡದೆ ಡ್ರಾ ಮಾಡಿಕೊಂಡಿದ್ದರು. ಇಂಥ ಒಳ್ಳೆಯ ಸುದ್ದಿಯನ್ನು ಯಾವ ಮಗ ಮನೆಯಲ್ಲಿ ಬಚ್ಚಿಡುತ್ತಾನೆ? ನಾವು ಬರಬಾರದೆಂದೇ ಸುಳ್ಳು ದಿನ ಹೇಳಿದ್ದಾನೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಫರ್ಹಾನ್ ಒಬ್ಬನೇ ಅಲ್ಲದಿದ್ದರೆ ಎಂದು ಮೆಲ್ಲಗೆ ಅಂದರು. ಸಂಕೇತನ ಬ್ಯಾಗಿನ ಜಿಪ್ಪನ್ನು ನಾನೇ ತೆರೆದು ನೋಡಿದೆ, ತಾಯಿಯಾಗಿ. ಸಾಕ್ಸು, ನೀರಿನ ಬಾಟಲಿ, ಒಂದು ಬಾಳೆಹಣ್ಣಿನ ಸಿಪ್ಪೆ ಬಿಟ್ಟು ಏನೂ ಇರಲಿಲ್ಲ. ಹಾಗಿದ್ದರೂ ಆ ದಿನದಿಂದ ಅವನ ಫೋನು ಗುಂಯ್ ಎಂದರೆ ನನ್ನ ಕಿವಿ ನಿಮಿರುತ್ತಿತ್ತು.

ಕೇಳಿಯೇಬಿಟ್ಟೆ ಒಂದು ದಿನ. ದಿನ ತಪ್ಪಾಗಿ ಯಾಕೆ ಹೇಳಿದೆ ಎಂದು. ಮರೆತುಹೋಯ್ತು ಲಾ ಅಮ್ಮ ಅಂದ, ಇಲ್ಲಿಯವರು ಮಾತಿಗೆಲ್ಲ ಸೇರಿಸುವ ‘ಲಾ’ ಸೇರಿಸಿ. ಸುಳ್ಳು ಹೇಳಲು ಬರದವನು ಅವನು, ಕಿವಿ ಕೆಂಪಾಗಿತ್ತು.

ಮಗನ ಹೆಸರು ಎಲ್ಲೂ ಬರಬಾರದು, ಅದಕ್ಕೆ ಮುಂಚೆ ಫರ್ಹಾನನ ವಿಷಯ ಹೊರಗೆ ಬರಬೇಕು ಎಂಬುದು ಇವರ ಲೆಕ್ಕಾಚಾರ. ನನ್ನನ್ನು ಕೇಳದೆ ಕೋಚ್ ಟಿಯೋ ಅವರಿಗೆ ಮೇಲ್ ಹಾಕಿಬಿಟ್ಟರು. ತಿಳಿದ ಮೇಲೆ ನಾನು ಜಗಳವಾಡಿದೆ. ಆದರೂ ಅವರ ಜೊತೆ ಹೋದೆ, ಬಾಯಿಗೆ ಬಂದದ್ದು ಆಡದಂತೆ ನೋಡಿಕೊಳ್ಳೋಣ ಎಂದು.

ಕೋಚ್ ಅವರ ರೂಮು ಒಳಾಂಗಣ ಕ್ರೀಡಾಂಗಣದ ಪಕ್ಕದಲ್ಲಿ. ಗಾಜಿನ ಗೋಡೆ, ಒಳಗೆ ಎ.ಸಿ. ಚಳಿ. ಸಂಕೇತ್ ಮತ್ತು ಫರ್ಹಾನ್ ಇಬ್ಬರನ್ನೂ ಕರೆಸಿದ್ದರು. ಫರ್ಹಾನ್ ನನಗೆ ಹಲೋ ಆಂಟಿ ಅಂದ, ಇವರ ಕಡೆ ನೋಡಲಿಲ್ಲ. ಕೋಚ್ ಗಂಭೀರವಾಗಿ ಹೇಳಿದರು: ಇಂಥ ದೂರು ಬಂದರೆ ನಾನು ಕಾಲೇಜಿಗೆ ತಿಳಿಸಲೇಬೇಕು, ವಿಚಾರಣೆ ಮುಗಿಯುವ ತನಕ ಫರ್ಹಾನ್ ಟೀಮಿನಲ್ಲಿರುವಂತಿಲ್ಲ, ಹೆಸರಿಗೆ ಹತ್ತಿದ ಇಂಥ ಮಸಿ ಈ ದೇಶದಲ್ಲಿ ಬೇಗ ಹೋಗುವುದಿಲ್ಲ. ಆದ್ದರಿಂದ ಮೊದಲು ನಾನೇ ನೋಡುತ್ತೇನೆ, ತೋರಿಸಿ.

ಇವರು ಟ್ಯಾಬ್ಲೆಟ್ ಬಿಚ್ಚಿ ಮೊದಲ ಗೋಲು ಹಾಕಿದರು. ಸ್ಲೋ ಮೋಷನ್ ಬೇಡ ಅಂದರು ಕೋಚ್. ದನಿ ಜೋರು ಮಾಡಿ, ಕೀಪರ್ ಕೂಗಿದನೋ ಇಲ್ಲವೋ ನನಗೆ ಕೇಳಬೇಕು ಅಂದರು. ನನ್ನ ಕಡೆ ತಿರುಗಿ ಬಿಡಿಸಿಯೂ ಹೇಳಿದರು: ಕೀಪರ್ ‘ಅಪ್’ ಎಂದು ಕೂಗಿದೊಡನೆ ನಾಲ್ವರು ಡಿಫೆಂಡರುಗಳೂ ಒಟ್ಟಿಗೆ ಮುಂದೆ ಓಡಬೇಕು. ಆಗ ಗೋಲಿನ ಹತ್ತಿರ ನುಗ್ಗಿದ ಎದುರಾಳಿ ಅವರ ಹಿಂದೆ ಉಳಿದು ಆಫ್‌ಸೈಡ್ ಆಗುತ್ತಾನೆ, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಮುಗಿಯಿತು.

ಫರ್ಹಾನ್ ಕೂಗಿದ್ದ. ಸ್ಪಷ್ಟವಾಗಿ, ಸರಿಯಾದ ಹೊತ್ತಿಗೆ, ‘ಅಪ್!’ ಮೂವರು ಮುಂದೆ ಓಡಿದರು. ಸಂಕೇತ್ ಒಂದು ಹೆಜ್ಜೆ ಮುಂದಿಟ್ಟವನು, ತಕ್ಷಣ ಹಿಂದಕ್ಕೆ ಸರಿದ. ಗೋಲು.

ಫರ್ಹಾನನ ದನಿಯ ಮೇಲೆ ಇನ್ನೊಂದು ದನಿಯಿತ್ತು. ಟ್ಯಾಬ್ಲೆಟ್‌ಗೆ ಎಲ್ಲಕ್ಕಿಂತ ಹತ್ತಿರದ ದನಿ. “ಹಿಂದೆ ಬಾರೋ! ಸಂಕೇತಾ, ಹಿಂದೆ ಬಾ!”

ಎರಡನೇ ಗೋಲು. ‘ಅಪ್!’ “ಹಿಂದೆ ಬಾ, ಹಿಂದೆ ಬಾ!” ಮೂವರು ಮುಂದೆ, ನನ್ನ ಮಗ ಹಿಂದೆ. ಮೂರನೆಯದು ಇನ್ನೊಂದು ಮ್ಯಾಚಿನದು. ಅದರಲ್ಲೂ ಹಾಗೇ. ಮೈದಾನದಲ್ಲಿ ಇವರ ಹಿಂದೆಯೇ ಕುಳಿತಿರುತ್ತಿದ್ದೆ ನಾನು. ಇವರು ಕೂಗುವುದು ನನ್ನ ಕಿವಿಗೆ ಬೀಳುವುದು ನಿಂತು ಎಷ್ಟೋ ಕಾಲವಾಗಿತ್ತು. ಸಣ್ಣ ಟೀಮುಗಳ ಎದುರು ಡಿಫೆನ್ಸ್ ಯಾಕೆ ಗಟ್ಟಿಯಾಗಿತ್ತು, ಆ ಬುಧವಾರ ಯಾಕೆ ಗಟ್ಟಿಯಾಗಿತ್ತು ಎಂಬುದು ಆ ಚಳಿ ರೂಮಿನಲ್ಲಿ ಒಮ್ಮೆಗೇ ತಿಳಿಯಿತು. ಆ ದಿನಗಳಲ್ಲಿ ಇವರು ಕಂಬಿಯ ಹತ್ತಿರ ಇರಲಿಲ್ಲ.

ನಿನ್ನ ತಂದೆ ಏನು ಕೂಗುತ್ತಿದ್ದಾರೆ ಎಂದು ಕೋಚ್ ಸಂಕೇತನನ್ನು ಕೇಳಿದರು. ಆ ರೂಮಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮ ಮೂವರಿಗೆ ಮಾತ್ರ.

“ಜಸ್ಟ್ ಚಿಯರಿಂಗ್ ಲಾ, ಕೋಚ್,” ಅಂದ ಸಂಕೇತ್. ಕಿವಿ ಮತ್ತೆ ಕೆಂಪಾಗಿತ್ತು.

ನಾನು ಇವರ ಮುಖ ನೋಡಿದೆ. ಇವರೇ ಹೇಳಲಿ ಎಂದು ಕಾದೆ. ಇವರು ನಿಂತುಹೋದ ಚಿತ್ರವನ್ನೇ ದಿಟ್ಟಿಸುತ್ತ ಕುಳಿತಿದ್ದರು. ಕೋಚ್ ನಿಟ್ಟುಸಿರುಬಿಟ್ಟು, ಹಾಗಾದರೆ ಸಂಕೇತ್ ಹಿಂದೆ ಸರಿದದ್ದಕ್ಕೆ ಕಾರಣ ಸಿಗಲಿಲ್ಲ, ಫರ್ಹಾನನ ಮೇಲಿನ ದೂರನ್ನು ಕಾಲೇಜಿಗೆ ತಿಳಿಸದೆ ಬೇರೆ ದಾರಿಯಿಲ್ಲ ಅಂದರು. ಫರ್ಹಾನ್ ತಲೆ ತಗ್ಗಿಸಿ ಗ್ಲೌಸಿನ ಪಟ್ಟಿಯನ್ನು ಕೀಳುತ್ತಿದ್ದ. ಸಂಕೇತ್ ಅವನನ್ನು ನೋಡಿದ, ಅಪ್ಪನನ್ನು ನೋಡಿದ, ಯಾರನ್ನು ಬಿಟ್ಟುಕೊಡುವುದೆಂದು ಗೊತ್ತಾಗದೆ ಗೋಡೆ ನೋಡಿದ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಅದು ಚಿಯರಿಂಗ್ ಅಲ್ಲ ಎಂದು ಕೋಚ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಗಂಡ ನನ್ನ ಮಗನಿಗೆ ಹಿಂದೆ ಬಾ ಅನ್ನುತ್ತಿದ್ದಾರೆ, ಪ್ರತಿ ಸಲವೂ. ಫರ್ಹಾನ್ ಮಾಡಿದ್ದೆಲ್ಲ ಸರಿಯಾಗೇ ಇದೆ. ಹೇಳಿದ ಮೇಲೆ ಇವರ ಪಕ್ಕ ಕೂರಲು ನಾಚಿಕೆಯಾಯಿತು.

ಕೋಚ್ ಸಂಕೇತನ ಕಡೆ ತಿರುಗಿದರು. ಕೀಪರ್ ಮಾತು ಬಿಟ್ಟು ಅವರ ಮಾತು ಯಾಕೆ ಕೇಳಿದೆ? ಸಂಕೇತ್ ಅವರಿಗೆ ಉತ್ತರ ಕೊಡಲಿಲ್ಲ. ಅಪ್ಪನಿಗೆ ಕೊಟ್ಟ, ಕನ್ನಡದಲ್ಲಿ.

“ನಾನು ಬೇಕಂತ ಬರಲ್ಲ ಅಪ್ಪ. ನಿನ್ ವಾಯ್ಸ್ ಕೇಳಿದ್ರೆ ಕಾಲು ತಾನೇ ಹಿಂದೆ ಬಂದ್ಬಿಡತ್ತೆ. ರೋಡ್ ಕ್ರಾಸ್ ಮಾಡುವಾಗಿಂದ ಹಂಗೇ ಅಲ್ವಾ. ನಿಂಗೆ ಭಯ ಆದ್ರೆ ನಂಗೂ ಭಯ ಆಗತ್ತೆ. ಅದನ್ನ ನಿಂಗೆ ಹೆಂಗೆ ಹೇಳ್ಲಿ? ಅದಕ್ಕೇ ಡೇಟ್ ತಪ್ಪು ಹೇಳ್ದೆ.”

ಇವರು ಎದ್ದು ನಿಂತರು. ಫರ್ಹಾನನ ಹತ್ತಿರ ಹೋಗಿ ಏನೋ ಹೇಳಹೊರಟು, ಇಂಗ್ಲಿಷೂ ಬಾರದವರಂತೆ ತಡವರಿಸಿ, ಅವನ ಕೈ ಹಿಡಿದುಕೊಂಡು ಬರೀ ಸಾರಿ ಅಂದರು. ಫರ್ಹಾನ್ ಇಟ್ಸ್ ಓಕೆ ಅಂಕಲ್ ಅಂದ. ಓಕೆ ಆಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ದೂರು ಅಲ್ಲಿಗೆ ನಿಂತಿತು. ಮನೆಗೆ ಹೋಗುವಾಗ ಎಂಆರ್‌ಟಿ ರೈಲಿನಲ್ಲಿ ಇವರು ನನ್ನಿಂದ ಎರಡು ಸೀಟು ದೂರ ಕುಳಿತರು. ಅಷ್ಟು ಜನರ ಮುಂದೆ ನೀನೇ ಹೇಳಬೇಕಿತ್ತಾ ಎಂದು ರಾತ್ರಿ ಊಟವಾದ ಮೇಲೆ ಕೇಳಿದರು. ನೀವು ಹೇಳ್ತೀರಿ ಅಂತ ಕಾದೆ ಅಂದೆ.

ಮುಂದಿನ ದೊಡ್ಡ ಮ್ಯಾಚಿನ ದಿನವನ್ನು ಸಂಕೇತ್ ತಾನಾಗಿಯೇ, ಸರಿಯಾಗಿ ಹೇಳಿದ. ಬನ್ನಿ ಅನ್ನಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ. ಇವರು ಟ್ಯಾಬ್ಲೆಟ್ ಬಿಟ್ಟು ಬಂದು, ಕಂಬಿಯ ಹತ್ತಿರ ಹೋಗದೆ ನನ್ನ ಪಕ್ಕ ಮೆಟ್ಟಿಲ ಮೇಲೆ ಕುಳಿತರು. ಆ ಮ್ಯಾಚನ್ನೂ ನಮ್ಮವರು ಸೋತರು, ಒಂದು ಗೋಲಿನಿಂದ. ಎತ್ತರದ ಹುಡುಗನೊಬ್ಬ ಎಲ್ಲರ ತಲೆಯ ಮೇಲಿಂದ ಹಾರಿ ಹೊಡೆದದ್ದು, ಫರ್ಹಾನ್ ಹಾರಿದರೂ ಸಿಗಲಿಲ್ಲ. ಇವರು ಗಕ್ಕನೆ ನನ್ನ ಕಡೆ ತಿರುಗಿದರು. ಯಾರ ತಪ್ಪು ಎಂದು ಕೇಳುವ ಕಣ್ಣು. ಯಾರದೂ ಅಲ್ಲ, ಎದುರಿನವರು ಚೆನ್ನಾಗಿ ಆಡಿದರು ಅಂದೆ. ನಂಬಲಿಲ್ಲ, ಆದರೂ ಮೈದಾನದ ಕಡೆ ತಿರುಗಿದರು.

ಕೊನೆಯ ಹೊತ್ತಿಗೆ ಅದೇ ಎತ್ತರದ ಹುಡುಗ ಇನ್ನೊಮ್ಮೆ ನುಗ್ಗಿ ಬಂದ. ಅವನಿಗೂ ಗೋಲಿಗೂ ನಡುವೆ ಇದ್ದವನು ಸಂಕೇತ್. ಇವರು ನನ್ನ ಮಣಿಕಟ್ಟನ್ನು ಹಿಡಿದರು, ಬಳೆ ಒತ್ತಿ ನೋಯುವಷ್ಟು. ಬಾಯಿ ತೆರೆದಿತ್ತು. ಗಂಟಲಿನ ನರ ಉಬ್ಬಿದ್ದು ಕಾಣುತ್ತಿತ್ತು. ದನಿ ಹೊರಡಲಿಲ್ಲ, ಹೊರಡಿಸಲಿಲ್ಲ.

ಮೈದಾನದಲ್ಲಿ ಫರ್ಹಾನ್ ಒಬ್ಬನೇ ಕೂಗಿದ. ನನ್ನ ಮಗ ಒಂದು ಕ್ಷಣ ನಿಂತ. ಆಮೇಲೆ ಉಳಿದ ಮೂವರ ಜೊತೆ, ನಮಗೆ ಬೆನ್ನು ಮಾಡಿ, ಮುಂದಕ್ಕೆ ಓಡಿದ. ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ.

“ಹೋದ ಕಣೇ,” ಅಂದರು ಇವರು. ಕಣ್ಣು ತುಂಬಿತ್ತು.

“ಹೋಗ್ಲಿ ಬಿಡಿ,” ಅಂದೆ, ಮಣಿಕಟ್ಟು ಬಿಡಿಸಿಕೊಳ್ಳದೆ.