ಹನ್ನೊಂದನೇ ಹಾಸಿಗೆಯ ಕಾರ್ಡು

ಸಹಿಗೆ ಬಂದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. "ನಮ್ಮ ವ್ಯವಸ್ಥೆಯಲ್ಲಿ ಯಾವ ದಾಖಲೆಯೂ ಅರ್ಧ ಬರೆದು ನಿಲ್ಲುವುದು ಸಾಧ್ಯವಿಲ್ಲ. ಬರೆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಹನ್ನೊಂದನೇ ಹಾಸಿಗೆಯ ಕಾರ್ಡಿನ ತಪ್ಪು ಅದನ್ನು ತುಂಬಿದ ನರ್ಸಿನದು." ಕೆಳಗೆ ನನ್ನ ಹೆಸರು, ನನ್ನ ಹುದ್ದೆ, ಸಹಿಗೊಂದು ಖಾಲಿ ಗೆರೆ.

ಆ ನರ್ಸ್ ನನ್ನ ಅಕ್ಕ.

ಕಾಗದ ತಂದಿಟ್ಟವನು ನಮ್ಮ ವಿಭಾಗದ ಮುಖ್ಯಸ್ಥ. ಯಾವ ಕೆಲಸವಾದರೂ "ಸರ್ರಂತ ಆಗ್ಬೇಕು" ಎನ್ನುವುದರಿಂದ ಬೆನ್ನ ಹಿಂದೆ ಅವನಿಗೆ ಸರ್ರಪ್ಪ ಎಂದೇ ಹೆಸರು.

"ನಾಳೆ ಮಧ್ಯಾಹ್ನ ಆಸ್ಪತ್ರೇಲಿ ವಿಚಾರಣೆ. ಸಹಿ ಹಾಕ್ಬಿಡಿ, ಸರ್ರಂತ ಮುಗಿಸ್ಕೊಂಡು ಬರೋಣ."

"ಅವಳು ನಮ್ಮಕ್ಕ ಅಂತ ನಿಮಗೆ ಗೊತ್ತಲ್ಲ?"

"ಗೊತ್ತಿರೋದಕ್ಕೇ ನಿಮ್ಮ ಸಹಿ ಬೇಕು. ಸ್ವಂತ ತಂಗೀನೇ ಬರೆದುಕೊಟ್ಟ ಮೇಲೆ ಯಾರು ಬಾಯಿ ಬಿಡ್ತಾರೆ?"

ಎಷ್ಟು ಸಲೀಸಾಗಿ ಹೇಳಿದ! ಹಲ್ಲಿನ ಸಂದಿಯಿಂದ ಏನೋ ತೆಗೆದು ಉಗುಳಿದ ಹಾಗೆ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದೆ. ಆದರೂ ಹರಿಯಲಿಲ್ಲ. ಹರಿಯುವ ಮೊದಲು ನನ್ನ ಕೈ ಎಷ್ಟು ಸ್ವಚ್ಛ ಎಂದು ನೋಡಿಕೊಳ್ಳಬೇಕಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ನನ್ನ ಕೆಲಸ ಸಣ್ಣದು, ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಕಂಪ್ಯೂಟರಿನಲ್ಲಿ ಯಾರು ಏನೇ ಬರೆದರೂ ಅದನ್ನು ಒಯ್ದು ಡಿಸ್ಕಿನಲ್ಲಿ ಇಡುವ, ಪ್ರೋಗ್ರಾಮಿನ ಒಂದು ಪದರವಿದೆ. ಅದನ್ನು ಕಟ್ಟುವವಳು ನಾನು. ಬರೆಯುತ್ತಿರುವಾಗ ನಡುವೆ ಕರೆಂಟು ಹೋದರೆ? ಹಾಸಿಗೆಗೊಂದರಂತೆ ಕಂಪ್ಯೂಟರಿನಲ್ಲಿರುವ ರೋಗಿಯ ಕಾರ್ಡಿನಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋದರೆ ಮೇಲರ್ಧ ಹೊಸದು, ಕೆಳಗರ್ಧ ಹಳೆಯದು ಆಗಿ ನಿಲ್ಲುತ್ತದೆ. ಅದಕ್ಕೇ ಒಂದೊಂದು ಕಾರ್ಡಿಗೂ ಎರಡೆರಡು ಖಾನೆ ಇಟ್ಟೆವು. ಒಂದರಲ್ಲಿ ಈಗಿನದು ಇರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆಯುವುದು. ಅದು ಡಿಸ್ಕಿಗೆ ನಿಜವಾಗಿ ಇಳಿಯುವ ತನಕ ಕಾಯುವುದು. ಇಳಿದ ಮೇಲೆ "ಇನ್ನು ಮುಂದೆ ಇದನ್ನೇ ಓದಿ" ಎಂಬ ಗುರುತನ್ನು ಆ ಖಾನೆಗೆ ಹಾಕುವುದು. ಆಗ ಕರೆಂಟು ಯಾವ ಗಳಿಗೆಯಲ್ಲಿ ಹೋದರೂ ಹಳೆಯದಾದರೂ ಪೂರ್ತಿ ಸಿಗುತ್ತದೆ, ಹೊಸದಾದರೂ ಪೂರ್ತಿ ಸಿಗುತ್ತದೆ. ಅರ್ಧಂಬರ್ಧದ ಮಾತೇ ಇಲ್ಲ. ಎರಡು ವರ್ಷ ಅದಕ್ಕಾಗಿ ಜೀವ ತೇದಿದ್ದೆ.

ಆ ಜಂಬದಲ್ಲಿ ಅಕ್ಕನ ಮುಂದೆ ಕೊಚ್ಚಿಕೊಂಡಿದ್ದೆ ಕೂಡ. ಅವಳ ಆಸ್ಪತ್ರೆಗೆ ನಮ್ಮ ವ್ಯವಸ್ಥೆ ಬಂದ ಹೊಸತರಲ್ಲಿ ಅವಳು ಕಂಪ್ಯೂಟರಿನಲ್ಲಿ ತುಂಬಿದ್ದನ್ನೇ ಜೇಬಿನ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಮತ್ತೆ ಬರೆದಿಡುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

"ಇದೇನಕ್ಕಾ ಅಜ್ಜಿ ಕಾಲದ ಹಾಗೆ! ನಾನೇ ಕಟ್ಟಿದ್ದು. ಅರ್ಧ ಬರೆಯೋ ಪ್ರಶ್ನೇನೇ ಇಲ್ಲ."

"ನೀನು ಕಟ್ಟಿದ್ದು ಅಂತಲೇ ಕಣೆ ಭಯ. ನಿನ್ನ ಜಡೇನೂ ನೀನು ನೆಟ್ಟಗೆ ಕಟ್ಕೊಂಡಿದ್ದು ನಾನು ನೋಡಿಲ್ಲ."

ಹಾಗೆಂದು ಚುಚ್ಚಿದರೂ ಪುಸ್ತಕ ಬರೆಯುವುದನ್ನು ನಿಲ್ಲಿಸಿದಳು. ತಂಗಿಯನ್ನು ನಂಬಿದಳು.

ಹನ್ನೊಂದನೇ ಹಾಸಿಗೆಯಲ್ಲಿ ಎಷ್ಟೋ ದಿನ ಇದ್ದು, ಎರಡೂ ಖಾನೆಯಲ್ಲಿ ತನ್ನ ಔಷಧಿಯನ್ನೇ ಬಿಟ್ಟಿದ್ದ ಒಬ್ಬ ಮುದುಕ ಬಿಡುಗಡೆಯಾಗಿ ಹೋದ ದಿನ ಬೆಳಿಗ್ಗೆ ಅಲ್ಲಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಅಕ್ಕ ಅವಳ ಹೆಸರು, ಕಾಯಿಲೆ, ಔಷಧಿ ತುಂಬಿ ಒತ್ತಿದಳು. "ಬರೆದಾಯಿತು" ಎಂದು ಪರದೆ ಹೇಳಿತು. ಅದೇ ಗಳಿಗೆಯಲ್ಲಿ ನೆಲ ತೊಳೆಯುವ ಯಂತ್ರಕ್ಕಾಗಿ ಯಾರೋ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ವಾರ್ಡಿಗೆಲ್ಲ ಪ್ಲಗ್ ಹಾಕುವ ಜಾಗ ಇರುವುದು ಅದೊಂದೇ! ಮರಳಿ ಹಾಕಿದಾಗ ಕಾರ್ಡಿನಲ್ಲಿ ಹೊಲಿಗೆಯವಳ ಹೆಸರಿತ್ತು, ಹೆಸರಿನ ಕೆಳಗೆ ಮುದುಕನ ಔಷಧಿ ಇತ್ತು. ಮಧ್ಯಾಹ್ನದ ಪಾಳಿಯ ನರ್ಸ್ ಹೆಸರು ನೋಡಿ, ಸರಿಯಿದೆ ಎಂದುಕೊಂಡು ಸೂಜಿ ಚುಚ್ಚಿದಳು. ಹೊಲಿಗೆಯವಳು ಮೂರು ದಿನ ಕಣ್ಣು ತೆರೆಯಲಿಲ್ಲ. ತೆರೆದಾಗ ಬಲಗೈ ಏಳಲಿಲ್ಲ.

ತುಂಬಿದವರು ಯಾರು ಎಂಬಲ್ಲಿ ಅಕ್ಕನ ಹೆಸರಿತ್ತು. ಹತ್ತೊಂಬತ್ತು ವರ್ಷದ ಕೆಲಸ. ನಾಳೆಯ ವಿಚಾರಣೆ ಮುಗಿದರೆ ಅದೂ ಮುಗಿಯುತ್ತಿತ್ತು.

ಆ ಸಂಜೆ ಅವಳ ಮನೆಗೆ ಹೋದೆ. ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ನಿಜ ಹೇಳೇ. ನಿಮ್ಮ ಕಂಪ್ಯೂಟರು ತಪ್ಪು ಮಾಡಲ್ಲ ಅಂದ್ಮೇಲೆ ನಾನೇ ಮಾಡಿರ್ಬೇಕು ಅಲ್ವಾ? ಹೊಸ ಔಷಧಿ ಒತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೂ ನಾನೇ ಏನೋ ಮರೆತೆ ಅನ್ಸುತ್ತೆ. ತಲೆ ಕೆಟ್ಟಿದೆ ಅಂತ ಕಾಣುತ್ತೆ ನಂಗೆ."

ಕೆಲಸವೊಂದನ್ನು ಕಿತ್ತುಕೊಂಡರೆ ಸಾಲದೇನು ಇವರಿಗೆ! ತನ್ನ ಕಣ್ಣನ್ನೇ ತಾನು ನಂಬದ ಹಾಗೆ ಮಾಡಿದ್ದಾರೆ. ಮಾಡಿದ್ದಾರೆ ಎಂದೆನೇ? ಮಾಡಿದ್ದೇವೆ. ಎದ್ದು ನೇರ ಪ್ಲಗ್ಗಣ್ಣನನ್ನು ಹುಡುಕಿಕೊಂಡು ಹೋದೆ.

ಪ್ಲಗ್ಗಣ್ಣ ಎಂದರೆ ನಮ್ಮ ಪರೀಕ್ಷೆಯ ಕೋಣೆಯಲ್ಲಿ ಏಳು ವರ್ಷ ಗುತ್ತಿಗೆಯ ಮೇಲೆ ಪ್ಲಗ್ ಕಿತ್ತವನು. ಅವನ ಉದ್ಯೋಗವೇ ಅದು. ಕಂಪ್ಯೂಟರು ಬರೆಯುತ್ತಿರುವಾಗ ಪ್ಲಗ್ ಕೀಳುವುದು, ಮತ್ತೆ ಹಾಕುವುದು, ಅರ್ಧ ಬರೆದಿದೆಯೇ ನೋಡಿ ಗೀಟು ಎಳೆಯುವುದು. ದಿನಕ್ಕೆ ಇನ್ನೂರು ಸಲ. ಸರ್ರಪ್ಪ ಬಂದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಕಂಪ್ಯೂಟರಿನ ಒಳಗೇ ಸುಳ್ಳು ಕಂಪ್ಯೂಟರೊಂದನ್ನು ಓಡಿಸಿ, ಅದರ ಕರೆಂಟು ಹೋದಂತೆ ನಟಿಸುವ ಪರೀಕ್ಷೆ ಬಂತು. ಗಂಟೆಗೆ ಸಾವಿರ ಸಲ ನಡೆಯುತ್ತದೆ, ಸಾವಿರಕ್ಕೆ ಸಾವಿರ ಪಾಸು! ಪಾಸಾಗದೆ ಏನು? ಸುಳ್ಳು ಕಂಪ್ಯೂಟರು ಸತ್ತರೂ ಅದರ ಕೆಳಗಿನ ನಿಜವಾದ ಡಿಸ್ಕಿಗೆ ಕರೆಂಟು ಇದ್ದೇ ಇರುತ್ತದೆ. ಅದು ನಿಧಾನವಾಗಿ ಉಳಿದದ್ದನ್ನು ಬರೆದು ಮುಗಿಸುತ್ತದೆ.

ಆಮೇಲೆ ಒಂದು ದಿನ ಸರ್ರಪ್ಪ ನನ್ನ ಮೇಜಿನ ಹತ್ತಿರ ಬಂದು ಹೇಳಿದ: "ಪ್ರೋಗ್ರಾಮಲ್ಲಿ ಡಿಸ್ಕಿಗೆ ಇಳಿಯೋ ತನಕ ಕಾಯೋ ಈ ಸಾಲು ತೆಗೆದ್ರೂ ಪರೀಕ್ಷೆ ಪಾಸಾಗುತ್ತೆ. ಮತ್ತೆ ಕಾಯೋದು ಯಾಕೆ? ಓದುವಾಗ ಕಾರ್ಡು ಪೂರ್ತಿ ಇದೆಯಾ ಅಂತ ತಾಳೆ ನೋಡೋದೂ ದಂಡ. ಎರಡೂ ತೆಗೆದ್ರೆ ಒಂದೂವರೆ ಪಟ್ಟು ವೇಗ." ನನಗೆ ಗೊತ್ತಿತ್ತು. ಡಿಸ್ಕು "ಬರೆದೆ" ಎಂದು ಹೇಳುವುದಕ್ಕೂ ನಿಜವಾಗಿ ಬರೆಯುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆಂದು ಗೊತ್ತಿದ್ದೇ ಆ ಸಾಲು ಬರೆದಿದ್ದೆ. ಆ ಗಳಿಗೆಯಲ್ಲಿ ಕರೆಂಟು ಹೋದರೆ "ಇದನ್ನೇ ಓದಿ" ಎಂಬ ಗುರುತು ಬಿದ್ದಿರುತ್ತದೆ, ಖಾನೆಯ ಕೆಳಗರ್ಧದಲ್ಲಿ ಮಾತ್ರ ಹಿಂದೆ ಬರೆದದ್ದೇ ಉಳಿದಿರುತ್ತದೆ. ಆದರೂ "ಒಪ್ಪಿಗೆ" ಒತ್ತಿದೆ. ಆ ವಾರ ಅವನೊಡನೆ ಜಗಳವಾಡಿ ಸಾಕಾಗಿತ್ತು, ಅಷ್ಟೆ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳುತ್ತಿದ್ದೆ.

ಪ್ಲಗ್ಗಣ್ಣ ಈಗ ಅಂಗಡಿ ಸಾಲೊಂದರ ಪಾರ್ಕಿಂಗಿನಲ್ಲಿ ಚೀಟಿ ಹರಿಯುತ್ತಿದ್ದ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಒಂದು ಕಾರಿಗೆ ದಾರಿ ಬಿಟ್ಟ.

"ನನ್ನ ಕಳಿಸಿದ ದಿನ ನೀನು ತಲೆ ತಗ್ಗಿಸ್ಕೊಂಡು ಕೂತಿದ್ದೆ ತಾಯಿ."

"ಹೌದಣ್ಣ."

"ಈಗ ಎತ್ತಿದೀಯ."

"ಎತ್ತಲೇಬೇಕಾಗಿ ಬಂತು."

"ತಡವಾಯ್ತು. ಆದ್ರೂ ಬರ್ತೀನಿ ನಡಿ. ಈ ಕೈ ಚೀಟಿ ಹರಿದೂ ಹರಿದೂ ಮರಗಟ್ಟಿದೆ."

ಮರುದಿನ ಆಸ್ಪತ್ರೆಯ ಸಭೆಯ ಕೋಣೆ. ಉದ್ದನೆಯ ಮೇಜು, ಒಂದು ಕಾಲು ಕುಂಟು, ಅದರಡಿಗೆ ಮಡಚಿಟ್ಟ ರಟ್ಟು. ವಿಚಾರಣೆ ನಡೆಸುವ ಹಿರಿಯ ಡಾಕ್ಟರಮ್ಮ ನಡುವೆ ಕೂತಿದ್ದರು. ಒಂದು ಪಕ್ಕ ಸರ್ರಪ್ಪ, ಇನ್ನೊಂದು ಪಕ್ಕ ಅಕ್ಕ. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಹೊಲಿಗೆಯವಳು, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ತೋರುಬೆರಳಲ್ಲಿ ಹೊಲಿಗೆ ಸೂಜಿಯ ತೂತುಗಳು ಇನ್ನೂ ಕಪ್ಪಗೆ ಉಳಿದಿದ್ದವು.

"ನಿಮ್ಮ ಹೇಳಿಕೆ?" ಡಾಕ್ಟರಮ್ಮ ನನ್ನನ್ನು ಕೇಳಿದರು.

"ಸಹಿ ಹಾಕಿಲ್ಲ. ಇದು ಸುಳ್ಳು. ಆ ವಾರ್ಡಿನ ಮಾದರಿಯದೇ ಒಂದು ಬಿಡಿ ಕಂಪ್ಯೂಟರ್ ತರಿಸಿ. ತೋರಿಸ್ತೀವಿ."

ಸರ್ರಪ್ಪ ಬಿಳಿಚಿಕೊಂಡ. ಆದರೆ ನಗುವುದನ್ನು ಬಿಡಲಿಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಪರೀಕ್ಷೆ ಓಡಿಸಿಯೇ ಬಿಟ್ಟ. ಸಾವಿರಕ್ಕೆ ಸಾವಿರ. "ನೋಡಿ ಡಾಕ್ಟರೇ, ಪ್ರತಿ ಸಲ ಕರೆಂಟ್ ತೆಗೆದೇ ನೋಡಿದೀವಿ."

"ಎಲ್ಲಿ ತೆಗೆದೆ ಸ್ವಾಮಿ?" ಹಿಂದಿನಿಂದ ಪ್ಲಗ್ಗಣ್ಣ ಕೇಳಿದ. "ನಿನ್ನ ವೈರು ಗೋಡೇಲೇ ಇದೆಯಲ್ಲ!"

ಹೊಲಿಗೆಯವಳು ಮೊದಲ ಸಲ ನಕ್ಕಳು.

ಉಗ್ರಾಣದಿಂದ ಬಿಡಿ ಕಂಪ್ಯೂಟರ್ ಬಂತು. ಪ್ರತಿ ಸಲವೂ ಹನ್ನೊಂದನೇ ಹಾಸಿಗೆಗೆ ಎರಡೂ ಖಾನೆ ತುಂಬುವಂತೆ ಮುದುಕನ ಕಾರ್ಡು ಎರಡು ಬಾರಿ, ಅದರ ಮೇಲೆ ಹೊಲಿಗೆಯವಳ ಕಾರ್ಡು. ಡಾಕ್ಟರಮ್ಮನೇ ಕೈಯಾರೆ ತುಂಬಿದರು. ಪ್ಲಗ್ಗಣ್ಣ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಡಿಸ್ಕಿನ ದೀಪ ನೋಡತೊಡಗಿದ.

"ದೀಪ ಎರಡು ಸಲ ಪಟಪಟ ಅಂದು ಒಂದು ಉಸಿರು ಸುಮ್ಮನಾಗುತ್ತೆ. ಆಗ ಕೀಳ್ಬೇಕು. ಬರೆದೆ ಅಂತ ಬಾಯಲ್ಲಿ ಹೇಳಿರುತ್ತೆ, ಹೊಟ್ಟೇಲಿ ಇನ್ನೂ ಇಟ್ಕೊಂಡಿರುತ್ತೆ."

ಕಿತ್ತ. ಹಾಕಿದ. ಯಂತ್ರ ಏಳುವ ತನಕ ಎಲ್ಲರೂ ಕೂತೆವು. ಕಾರ್ಡು ಸರಿಯಿತ್ತು. ಮತ್ತೆ ಕಿತ್ತ. ಸರಿಯಿತ್ತು. ಐದು, ಎಂಟು, ಹದಿಮೂರು. ಪ್ರತಿ ಸಲವೂ ಸರಿ. ಅಕ್ಕ ಪರದೆಯನ್ನು ನೋಡುವುದನ್ನೇ ಬಿಟ್ಟು ಕಿಟಕಿ ನೋಡತೊಡಗಿದಳು.

"ಎಷ್ಟೊತ್ತು ಈ ಆಟ? ನನಗೆ ಬೇರೆ ಕೆಲಸ ಇದೆ," ಸರ್ರಪ್ಪ ಗೊಣಗಿದ. "ಯಾರೋ ಪ್ಲಗ್ ಕಿತ್ತರೆ ಅದು ನಮ್ಮ ತಪ್ಪಾ?"

"ಪ್ಲಗ್ ಇರೋದೇ ಕೀಳೋಕೆ," ಪ್ಲಗ್ಗಣ್ಣ ದೀಪದಿಂದ ಕಣ್ಣು ತೆಗೆಯಲಿಲ್ಲ. "ಇಲ್ಲದಿದ್ರೆ ವೈರನ್ನ ಗೋಡೇಲಿ ಹಾಕಿ ಗಾರೆ ಮಾಡ್ತಿದ್ರು."

ಇಪ್ಪತ್ತಮೂರನೆಯ ಸಲ ಅವನು ಕಿತ್ತ ರೀತಿಯೇ ಬೇರೆ ಇತ್ತು. ಕೈ ಯೋಚಿಸಲಿಲ್ಲ. ಯಂತ್ರ ಎದ್ದಿತು. ಡಾಕ್ಟರಮ್ಮ ಕಾರ್ಡು ತೆರೆದರು. ಮೇಲೆ ಹೊಲಿಗೆಯವಳ ಹೆಸರು. ಕೆಳಗೆ ಮುದುಕನ ಔಷಧಿ. ಅಕ್ಕನ ಮೇಲಿನ ಆರೋಪಪತ್ರಕ್ಕೆ ಅಂಟಿಸಿದ್ದ ಕಾರ್ಡಿನ ಪ್ರತಿಯ ಪಕ್ಕದಲ್ಲಿಟ್ಟರೆ ಅಕ್ಷರಕ್ಕೆ ಅಕ್ಷರ ಅದೇ.

ಅಕ್ಕ ಎದ್ದು ಪರದೆಯ ತೀರ ಹತ್ತಿರ ಹೋದಳು. ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

"ನಾನು ಸರಿಯಾಗೇ ತುಂಬಿದ್ದೆ," ಎಂದಳು. ಯಾರಿಗೂ ಹೇಳಿದ್ದಲ್ಲ. ತನಗೇ ಹೇಳಿಕೊಂಡದ್ದು.

"ಇಪ್ಪತ್ತಮೂರರಲ್ಲಿ ಒಂದು!" ಸರ್ರಪ್ಪ ಕೈ ಕೊಡವಿದ.

"ನನ್ನ ವಾರ್ಡಲ್ಲಿ ನಲವತ್ತು ಹಾಸಿಗೆ ಇದೆ," ಎಂದರು ಡಾಕ್ಟರಮ್ಮ.

ಅವನ ಮುಖದಲ್ಲಿ ಲೆಕ್ಕಾಚಾರ ಓಡುವುದು ಕಂಡಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ದನಿ ತಗ್ಗಿಸಿದ. "ಹೀಗೆ ಮಾಡೋಣ. ನಮ್ಮದೂ ಸ್ವಲ್ಪ ಇದೆ, ಇವರದೂ ಸ್ವಲ್ಪ ಇದೆ ಅಂತ ಬರೆಯೋಣ. ತಾಂತ್ರಿಕ ತೊಂದರೆ, ಸಿಬ್ಬಂದಿಯ ಅಜಾಗರೂಕತೆ, ಎರಡೂ ಸೇರಿ. ಇವರ ಕೆಲಸ ಉಳಿಯುತ್ತೆ, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತೆ. ಎಲ್ಲರಿಗೂ ಒಳ್ಳೇದು."

ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ತಡೆಯಿತು. ಆ ತಡೆ ಕಂಡದ್ದೇ ನಾನು ಎದ್ದು ನಿಂತೆ.

"ಅರ್ಧ ಬರೀಬೇಡಿ!" ನನ್ನ ದನಿಗೆ ನಾನೇ ಬೆಚ್ಚಿದೆ. "ಮೇಲರ್ಧ ನಿಜ, ಕೆಳಗರ್ಧ ಯಾರದೋ ಸುಳ್ಳು. ಇದೇ ಅಲ್ವಾ ಆ ಕಾರ್ಡಲ್ಲೂ ಆಗಿದ್ದು? ಹೆಸರು ಸರಿ ಇದೆ ಅಂತ ನಂಬಿ ಸೂಜಿ ಚುಚ್ಚಿದ್ರು. ನಾಳೆ ಇದನ್ನೂ ಯಾರೋ ನಂಬ್ತಾರೆ. ಬರೆದ್ರೆ ಪೂರ್ತಿ ಬರೀರಿ, ಇಲ್ಲ ಬರೀಲೇ ಬೇಡಿ."

"ಪೂರ್ತಿ ಅಂದ್ರೆ ಏನು?" ಡಾಕ್ಟರಮ್ಮ ಕೇಳಿದರು.

"ಅರ್ಧ ಬರೆಯದ ಹಾಗೆ ತಡೀತಿದ್ದ ಸಾಲನ್ನ ತೆಗೆಸಿದ್ದು ಇವರು. ಪ್ಲಗ್ ಕೀಳೋ ಕೋಣೆ ಮುಚ್ಚಿ ಈ ಅಣ್ಣನ್ನ ಮನೆಗೆ ಕಳಿಸಿದ್ದೂ ಇವರು. ಗೊತ್ತಿದ್ದೂ ಒಪ್ಪಿಗೆ ಒತ್ತಿದ್ದು ನಾನು. ತಾರೀಖು ಸಮೇತ ಇದೆ, ಬರ್ಕೊಳ್ಳಿ. ನನ್ನ ಹೆಸರೂ ಬರೀರಿ."

ಅಕ್ಕ ತಿರುಗಿ ನೋಡಿದಳು. ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳ ಆ ನೋಟ ನನಗೆ ಹೊಸದು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕಾ."

"ನನ್ನ ಪುಸ್ತಕ ಬಿಡಿಸಿದ್ಯಲ್ಲೇ."

ಅಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಡಾಕ್ಟರಮ್ಮ ಬರೆದರು. ಅಕ್ಕನದು ತಪ್ಪಿಲ್ಲ ಎಂದು ಮೊದಲ ಸಾಲು. ಉಳಿದದ್ದನ್ನು ನಾನು ಹೇಳಿದಂತೆಯೇ, ಏನನ್ನೂ ತೇಲಿಸದೆ, ಎರಡು ಪುಟ. ಇದನ್ನು ನಿಮ್ಮ ಕಂಪನಿಯ ಮೇಲಿನವರಿಗೂ, ನಿಮ್ಮ ವ್ಯವಸ್ಥೆ ಇರುವ ಪ್ರತಿ ಆಸ್ಪತ್ರೆಗೂ ಇವತ್ತೇ ಕಳಿಸುತ್ತೇನೆ ಎಂದರು. ಸರ್ರಪ್ಪ ಎದ್ದು ಫೋನು ಹಿಡಿದು ಮೂಲೆಗೆ ಹೋದ. ನನ್ನ ಕೆಲಸ ಆ ಮೂಲೆಯಲ್ಲೇ ಹೋಯಿತೆಂದು ಅವನ ಬೆನ್ನು ನೋಡಿಯೇ ತಿಳಿಯಿತು. ಆದರೆ ಹಾಜರಿದ್ದವರೆಲ್ಲ ಸಹಿ ಹಾಕದೆ ಯಾರೂ ಹೊರಡುವಂತಿರಲಿಲ್ಲ.

ಡಾಕ್ಟರಮ್ಮ ಹಾಕಿದರು. ಅಕ್ಕ ಹಾಕಿದಳು. ನಾನು ಹಾಕಿದೆ. ಪ್ಲಗ್ಗಣ್ಣ ದೊಡ್ಡಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದ. ಏಳು ವರ್ಷ ಪಕ್ಕದಲ್ಲಿದ್ದರೂ ನಾನು ಆ ಹೆಸರನ್ನು ಓದಿದ್ದು ಅಂದೇ. ಕೊನೆಗೆ ಕಾಗದ ಹೊಲಿಗೆಯವಳ ಮುಂದೆ ಬಂತು. ಅವಳು ಪೆನ್ನನ್ನು ಎಡಗೈಯಲ್ಲಿ ಹಿಡಿದಳು. ಮೊದಲ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಪೆನ್ನೆತ್ತಿ ಮತ್ತೆ ಇಟ್ಟಳು. ಹೊಲಿಗೆ ಹಾಕುವವರ ಹಾಗೆ ತುಟಿ ಬಿಗಿ ಹಿಡಿದು ಎರಡನೆಯ ಅಕ್ಷರ ಶುರು ಮಾಡಿದಳು.

ಸರ್ರಪ್ಪ ಫೋನು ಕೆಳಗಿಟ್ಟು ಗಡಿಯಾರ ನೋಡಿದ. "ಹೆಬ್ಬೆಟ್ಟು ಒತ್ತಿಸ್ಬಿಡಿ, ಸರ್ರಂತ ಆಗುತ್ತೆ."

ಅಕ್ಕ ಅವನ ಮುಂದೆ ಹೋಗಿ ನಿಂತಳು.

"ಕೂತ್ಕೊಳ್ಳಿ. ಅವಳು ಬರೆದು ಮುಗಿಸೋ ತನಕ ಕಾಯಿರಿ."

ಅವನು ಕೂತ. ನಾವೆಲ್ಲ ಕಾದೆವು.